ಅಜ್ಜನ ಹೆಸರಿನ ಮುಂದೆ ಹಾಕಿದ ಗೆರೆಗಳು

ಸಂಸ್ಥೆಗಳನ್ನು ಅಧ್ಯಯನ ಮಾಡೋದು ಹೇಗೆ ಅಂತ ಕಲಿಯೋಕೆ ಹೊರಟವರ ಕೈಯಲ್ಲಿ ಎಡವಟ್ಟುಗಳು ಆಗ್ತಾನೇ ಇರ್ತವೆ. ಡಾಕ್ಟರಿಕೆ ಕಲಿಯೋನು ಸೂಜಿ ತಪ್ಪಿ ಚುಚ್ಚಿದರೆ ರೋಗಿ ಅಲ್ಲೇ ಕಿರುಚುತ್ತಾನೆ, ತಪ್ಪಾಯಿತು ಅಂತ ತಕ್ಷಣ ಗೊತ್ತಾಗುತ್ತೆ. ನಮ್ಮದು ಹಾಗಲ್ಲ. ನಾವು ಚುಚ್ಚಿದ್ದು ನಮಗೇ ಗೊತ್ತಾಗೋಕೆ ಆರು ತಿಂಗಳು ಬೇಕು. ಅಷ್ಟರಲ್ಲಿ ವರದಿಗೆ ಬೈಂಡಿಂಗ್ ಕೂಡ ಆಗಿಹೋಗಿರುತ್ತೆ.

ನಾನು ಮೈಸೂರಿನವಳು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಬನಾರಸ್ಸಿಗೆ ಹೋಗಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದೆ. ನನ್ನ ಗೈಡು ಅಪ್ಪಟ ಬನಾರಸಿ. ಬಾಯಲ್ಲಿ ಸದಾ ಪಾನ್. ಅವರದ್ದು ಒಂದೇ ಸೂತ್ರ: "ಮೊದಲನೇ ವರ್ಷ ಎಣಿಸು, ಎರಡನೇ ವರ್ಷ ಕೇಳು." ಎಣಿಸೋದು ಅಂದರೆ ಪ್ರಶ್ನಾವಳಿ, ಪಟ್ಟಿ, ಅಂಕಿ ಅಂಶ. ಕೇಳೋದು ಅಂದರೆ ಜನರ ಜೊತೆ ಕೂತು ಮಾತಾಡೋದು, ಅವರು ಹೇಳಿದ್ದನ್ನು ಬರೆದುಕೊಳ್ಳೋದು. ಎರಡೂ ಕಲಿತವನೇ ಪೂರ್ತಿ ಸಂಶೋಧಕ ಅನ್ನೋರು. ಯಾವುದನ್ನು ಮೊದಲು ಮಾಡಬೇಕು ಅನ್ನೋದರಲ್ಲಿ ಸರ್ ತಪ್ಪಿದರಾ, ನಾನು ತಪ್ಪಿದೆನಾ ಅಂತ ಇವತ್ತಿಗೂ ಯೋಚನೆ ಮಾಡ್ತಾ ಇರ್ತೀನಿ.

ಅಧ್ಯಯನಕ್ಕೆ ಒಂದು ಸಂಸ್ಥೆ ಬೇಕಿತ್ತು. ನನ್ನ ಹಿಂದಿ ಕೇಳಿ ತರಕಾರಿಯವನೇ ನಗುತ್ತಿದ್ದ ಕಾಲ ಅದು. ಹಾಗಾಗಿ ಹನುಮಾನ್ ಘಾಟಿನ ಗಲ್ಲಿಯಲ್ಲಿ ನಮ್ಮ ಕಡೆಯ ಮಠದವರು ನಡೆಸುತ್ತಿದ್ದ ಛತ್ರವನ್ನು ಹಿಡಿದುಕೊಂಡೆ. ಕಾಶಿಗೆ ಬರುವ ಕನ್ನಡದ ಯಾತ್ರಿಕರಿಗೆ ಅಲ್ಲಿ ಊಟ, ವಸತಿ. ಕನ್ನಡದಲ್ಲೇ ಕೆಲಸ ಮುಗಿಯುತ್ತೆ, ಜೊತೆಗೆ ಮಧ್ಯಾಹ್ನಕ್ಕೆ ಅನ್ನ ಸಾರು. ಎರಡನೆಯ ಕಾರಣವನ್ನು ಸಂಶೋಧನಾ ಪ್ರಸ್ತಾವನೆಯಲ್ಲಿ ಬರೆಯಲಿಲ್ಲ.

ಛತ್ರದಲ್ಲಿ ನಾಲ್ಕೇ ಜನ. ತುಮಕೂರು ಕಡೆಯ ಮ್ಯಾನೇಜರು, ಹೊಸದಾಗಿ ಬಂದವರು, ಎಲ್ಲವನ್ನೂ ಓರಣ ಮಾಡಿಯೇ ತೀರಬೇಕು ಅನ್ನೋ ಹಟದವರು. ಉಡುಪಿ ಕಡೆಯ ಅಡುಗೆ ಭಟ್ಟರು. ಗುಡಿಸಿ ಸಾರಿಸುವ ಬನಾರಸಿ ಹೆಂಗಸು, ಎಲ್ಲರೂ ಅವಳನ್ನು ಚಾಚಿ ಅನ್ನೋರು. ಇನ್ನು ಬಾಗಿಲ ಪಕ್ಕದ ಜಗಲಿಯ ಮೇಲೆ ಕೂತಿರುತ್ತಿದ್ದ ಅಜ್ಜ, ಗದಗ ಕಡೆಯವರು. ಯಾವ ಕಾಲದಲ್ಲೋ ಯಾತ್ರೆಗೆ ಬಂದು ಅಲ್ಲೇ ಉಳಿದುಬಿಟ್ಟವರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಎದುರು 'ಕಾವಲು' ಅಂತಿತ್ತು. ಜಗಲಿಯ ಹಿಂದೆ ಒಂದು ಚಿಕ್ಕ ಕೋಣೆ, ಎರಡು ಹೊತ್ತು ಊಟ. ಅಷ್ಟೇ ಅವರ ಸಂಸಾರ.

ಮೊದಲೇ ಹೇಳಿಬಿಡ್ತೀನಿ. ಇದೆಲ್ಲ ಮುಗಿಯೋ ಹೊತ್ತಿಗೆ ನನಗೆ ಡಾಕ್ಟರೇಟ್ ಬಂತು, ಅಜ್ಜನಿಗೆ ಕೂರೋ ಜಾಗ ಹೋಯಿತು. ಕಳೆದವಳು ನಾನೇ. ನಗು ಬಂದರೆ ನಗಿ, ನಾನೂ ನಗ್ತೀನಿ, ಆದರೆ ಅದು ಗೊತ್ತಿರಲಿ.

೧. ಐದಕ್ಕೆ ಐದು

ಮೊದಲು ಪ್ರಶ್ನಾವಳಿ. ಇಪ್ಪತ್ತೈದು ವಾಕ್ಯಗಳು. ಒಂದೊಂದಕ್ಕೂ ಒಂದರಿಂದ ಐದರ ತನಕ ಅಂಕ ಹಾಕಬೇಕು. ಸುತರಾಂ ಒಪ್ಪಲ್ಲ ಅಂದರೆ ಒಂದು, ಪೂರ್ತಿ ಒಪ್ತೀನಿ ಅಂದರೆ ಐದು. ಹದಿನೈದು ದಿನ ಕೂತು ಕನ್ನಡಕ್ಕೆ ತಂದಿದ್ದೆ.

ಭಟ್ಟರು ಬೇಳೆ ತೊಳೆಯುತ್ತಾ, "ಎಲ್ಲದಕ್ಕೂ ಐದು ಹಾಕು ಮಾರಾಯ್ತಿ" ಅಂದರು.

"ಒಂದ್ಸಲ ಓದಿ ಭಟ್ಟರೆ."

"ಓದುವುದು ಎಂತ? ಕಾಶಿಯಲ್ಲಿ ಕೂತು ಕಡಿಮೆ ಹಾಕಿದರೆ ಮೇಲೆ ಕೂತವ ನೋಡುದಿಲ್ವಾ?"

ಹಾಗಾಗಿ 'ನನ್ನ ಮೇಲಿನವರು ನನ್ನನ್ನು ಗೌರವದಿಂದ ಕಾಣುತ್ತಾರೆ' ಅನ್ನೋದಕ್ಕೆ ಐದು. 'ನನ್ನ ಮೇಲಿನವರು ಕಾರಣವಿಲ್ಲದೆ ಬೈಯುತ್ತಾರೆ' ಅನ್ನೋದಕ್ಕೂ ಐದು. ಚಾಚಿಗೆ ನಾನೇ ಹಿಂದಿಯಲ್ಲಿ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, "ಮಹಾರಾಜ್ ಎಷ್ಟು ಹಾಕಿದರು?" ಮಹಾರಾಜ್ ಅಂದರೆ ಭಟ್ಟರು. ಐದು ಅಂದೆ. ಅವಳೂ ಐದು. ಮ್ಯಾನೇಜರು ಎಲ್ಲರ ಕಾಗದ ತರಿಸಿಕೊಂಡು, ನಾನು ಕಕ್ಕಾಬಿಕ್ಕಿಯಾಗಿ ನೋಡ್ತಾ ಇದ್ದ ಹಾಗೇ, ಚಾಚಿ ಕೈತಪ್ಪಿ ಎಲ್ಲೋ ಹಾಕಿದ್ದ ಒಂದು ನಾಲ್ಕನ್ನು ಹುಡುಕಿ ಐದು ಮಾಡಿ ಸಹಿ ಹಾಕಿದರು. "ಮಠದ ಮರ್ಯಾದೆ ಪ್ರಶ್ನೆ ಮೇಡಂ."

ಅಜ್ಜ ಮಾತ್ರ ಕಾಗದವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಇದನ್ನ ಬರ್ದಾವ ಇಲ್ಲಿಗೆ ಬಂದಿದ್ದನೇನು ತಂಗಿ?"

"ಇಲ್ಲ ಅಜ್ಜ. ಅಮೆರಿಕಾದಲ್ಲಿ ಯಾರೋ ಬರೆದದ್ದು."

"ಹಂಗಾರ ಅವನ್ನ ಒಮ್ಮೆ ಕರ್ಕೊಂಡ್ ಬಾ. ಎರಡ ದಿನ ಇರ್ಲಿ, ಊಟಾ ಮಾಡ್ಲಿ. ಆಮ್ಯಾಲೆ ಅವ ಕೇಳ್ಲಿ, ನಾ ಹೇಳ್ತೀನಿ."

ಖಾಲಿ ಕಾಗದವನ್ನು ನೀಟಾಗಿ ಮಡಚಿ ವಾಪಸ್ ಕೊಟ್ಟರು. ನಿಯಮದ ಪ್ರಕಾರ ಅದರ ಮೇಲೆ 'ಅಪೂರ್ಣ' ಅಂತ ಬರೆದು ಪಕ್ಕಕ್ಕಿಟ್ಟೆ. ಇಡೀ ಕಟ್ಟಿನಲ್ಲಿ ಪ್ರಾಮಾಣಿಕವಾಗಿ ಉತ್ತರ ಕೊಟ್ಟ ಕಾಗದ ಅದೊಂದೇ ಅನ್ನೋದು ಆಗ ನನ್ನ ತಲೆಗೆ ಹೋಗಲಿಲ್ಲ.

ಸರ್ ಫಲಿತಾಂಶ ನೋಡಿ, ಎದ್ದು ಹೋಗಿ ಕಿಟಕಿಯಿಂದ ಪಾನ್ ಉಗಿದು ಬಂದು ಹೇಳಿದರು: "ಬಹಳ ಅಪರೂಪದ ಸಂಸ್ಥೆ ಬೇಟಾ. ಎಲ್ಲರಿಗೂ ಇಲ್ಲಿ ಪರಮ ಸಂತೋಷ. ಎಲ್ಲರೂ ನಾಳೆಯೇ ಕೆಲಸ ಬಿಡಬೇಕು ಅಂತಲೂ ಇದ್ದಾರೆ."

೨. ಹತ್ತು ನಿಮಿಷಕ್ಕೊಂದು ಗೆರೆ

ಬಾಯಿ ಸುಳ್ಳು ಹೇಳುತ್ತೆ, ಕೈ ಸುಳ್ಳು ಹೇಳಲ್ಲ, ಹೋಗಿ ನೋಡು ಅಂತ ಸರ್ ಕಳಿಸಿದರು. ಈ ಸಲ ವೀಕ್ಷಣಾ ಪಟ್ಟಿ. ಎಡಗಡೆ ನಾಲ್ಕು ಜನರ ಹೆಸರು. ಮೇಲೆ ಐದು ಕಾಲಂ: ಅಡುಗೆ, ಶುಚಿ, ಬರವಣಿಗೆ, ಓಡಾಟ, ಸುಮ್ಮನೆ. ಹತ್ತು ನಿಮಿಷಕ್ಕೊಮ್ಮೆ ಯಾರು ಏನು ಮಾಡ್ತಾ ಇದ್ದಾರೆ ಅಂತ ನೋಡಿ ಒಂದು ಗೆರೆ ಹಾಕೋದು. ಬೆಳಿಗ್ಗೆಯಿಂದ ಸಂಜೆ ತನಕ, ಮೂರು ವಾರ.

ಅಂಗಳದ ಆಚೆ, ಜಗಲಿಗೆ ಎದುರಾಗಿ ಒಂದು ಮಣೆ ಹಾಕಿಕೊಂಡು ಕೂತೆ. ಅಯ್ಯೋ, ಆ ಛತ್ರ ಆ ಮೂರು ವಾರ ದುಡಿದಷ್ಟು ಯಾವತ್ತೂ ದುಡಿದಿರಲಿಕ್ಕಿಲ್ಲ. ನಾನು ತಲೆ ಎತ್ತಿದರೆ ಸಾಕು, ಚಾಚಿ ಮೆಟ್ಟಿಲು ಗುಡಿಸುತ್ತಿದ್ದಳು. ಒಂದೇ ಮೆಟ್ಟಿಲನ್ನು ಒಂದು ಬೆಳಿಗ್ಗೆ ಏಳು ಸಲ ಗುಡಿಸಿದ್ದು ನನ್ನ ಪಟ್ಟಿಯಲ್ಲಿದೆ. ಭಟ್ಟರು ಒಲೆ ಆರಿದ ಮೇಲೂ ಸೌಟು ತಿರುವುತ್ತಿದ್ದರು. ಮ್ಯಾನೇಜರು ನನ್ನ ಕಡೆ ಓರೆಗಣ್ಣಲ್ಲಿ ನೋಡುತ್ತಾ ಬರೆದದ್ದೇ ಬರೆದದ್ದು. ಒಂದು ದಿನ ಇಣುಕಿ ನೋಡಿದೆ, ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಪೂರ್ತಿ ತಮ್ಮ ಸಹಿಯನ್ನೇ ಅಭ್ಯಾಸ ಮಾಡ್ತಾ ಇದ್ದರು.

ಬದಲಾಗದೇ ಇದ್ದವರು ಅಜ್ಜ ಒಬ್ಬರೇ. ಕಾಲು ಮಡಚಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಎಲೆ ಅಡಿಕೆ ಜಗಿಯುತ್ತಾ ಕೂತಿರುತ್ತಿದ್ದರು. ಪಕ್ಕದಲ್ಲಿ ಒಂದು ಮಣ್ಣಿನ ಗಡಿಗೆ ತುಂಬ ನೀರು. ಬಂದವರಿಗೆಲ್ಲ "ಯಾವೂರು? ಊಟಾ ಆತೇನು?" ಅನ್ನೋರು. ಸವಾರಿ ಬಿಟ್ಟು ಗಲ್ಲಿಯೊಳಗೆ ನಡೆದು ಬರುವ ರಿಕ್ಷಾದವರಿಗೆ ನೀರು ಕೊಟ್ಟು ಅವರ ಹಿಂದಿಯಲ್ಲೇ ಮನೆ ಮಠ ವಿಚಾರಿಸೋರು. ಎಲ್ಲ ಮಾತು, ಮಾತು. ಮಾತಿಗೆ ನನ್ನ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಸರ್ ಹತ್ತಿರ ಓಡಿದೆ. "ಸರ್, ಸುಮ್ಮನೆ ಕೂತು ಮಾತಾಡೋರನ್ನ ಯಾವ ಕಾಲಮಿಗೆ ಹಾಕಲಿ?" ಅವರ ಬಾಯಿ ತುಂಬ ಪಾನ್. ಗದ್ದ ಮೇಲೆತ್ತಿ ಪಟ್ಟಿಯ ಕೊನೆಯ ಕಡೆ ಕೈ ಬೀಸಿದರು. ಸರಿ, ಕೊನೆಯ ಕಾಲಮ್ಮೇ ಅಂದುಕೊಂಡೆ. ಸುಮ್ಮನೆ.

ಅಜ್ಜನಿಗೆ ನನ್ನ ಕೆಲಸದ ಮೇಲೆ ಬಹಳ ಅಕ್ಕರೆ. ಮಧ್ಯಾಹ್ನದ ಊಟ ಆದ ಮೇಲೆ ನನಗೆ ತೂಕಡಿಕೆ ಬರುತ್ತಿತ್ತು. ಆಗ ಎದುರಿನ ಜಗಲಿಯಿಂದ ಕೂಗು ಕೇಳೋದು.

"ತಂಗೀ! ಹತ್ತ ನಿಮಿಷ ಆತು ನೋಡು. ಗೆರಿ ಹಾಕು. ನಿಮ್ಮ ಮಾಸ್ತರ ಬೈದಾರು!"

ನಾನು ಗಾಬರಿಯಿಂದ ಎದ್ದು, "ಥ್ಯಾಂಕ್ಸ್ ಅಜ್ಜ" ಅಂದು, ಅವರ ಹೆಸರಿನ ಎದುರಿಗೆ 'ಸುಮ್ಮನೆ' ಅಂತ ಗೆರೆ ಹಾಕುತ್ತಿದ್ದೆ.

೩. ಕೆಂಪು ಬಣ್ಣ

ಸೋನಾರ್‌ಪುರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ, ಕರೆಂಟು ಇದ್ದಷ್ಟು ಹೊತ್ತು ಕೂತು, ಗೆರೆಗಳನ್ನೆಲ್ಲ ಬಣ್ಣದ ಚಕ್ರಗಳಾಗಿ ಮಾಡಿಸಿದೆ. ಒಬ್ಬೊಬ್ಬರಿಗೂ ಒಂದೊಂದು ಚಕ್ರ. ಕೆಲಸಕ್ಕೆ ಹಸಿರು, ಹಳದಿ, ನೀಲಿ, ಕಂದು. ಸುಮ್ಮನೆ ಅನ್ನೋದಕ್ಕೆ ಯಾವ ಬಣ್ಣ ಅಂತ ಅಂಗಡಿಯವನು ಕೇಳಿದ. ಕೆಂಪು ಹಾಕಪ್ಪಾ, ಎದ್ದು ಕಾಣುತ್ತೆ ಅಂದೆ. ಅಜ್ಜನ ಚಕ್ರ ಕುಂಕುಮದ ಭರಣಿ ಬಗ್ಗಿಸಿ ನೋಡಿದ ಹಾಗೆ ಬಂತು.

ಅಧ್ಯಯನಕ್ಕೆ ಒಪ್ಪಿದ ಸಂಸ್ಥೆಗೆ ಒಂದು ಪ್ರತಿ ಕೊಡೋದು ಸೌಜನ್ಯ ಅಂತ ಪಾಠದಲ್ಲಿತ್ತು. ಕೊಟ್ಟೆ. ಜನರ ಹೆಸರು ತೆಗೆದು 'ಸಿಬ್ಬಂದಿ ಒಂದು, ಸಿಬ್ಬಂದಿ ಎರಡು' ಅಂತ ಮಾಡಬೇಕು ಅಂತಲೂ ಪಾಠದಲ್ಲಿತ್ತು. ಅದನ್ನೂ ಮಾಡಿದೆ. ನಾಲ್ಕು ಜನ ಇರೋ ಕಡೆ 'ಸಿಬ್ಬಂದಿ ನಾಲ್ಕು, ಕಾವಲು' ಅಂತ ಬರೆದರೆ ಯಾರಿಗೆ ಗೊತ್ತಾಗಲ್ಲ? ಅಷ್ಟೂ ಬುದ್ಧಿ ಇರಲಿಲ್ಲವಲ್ಲ ನನಗೆ.

ಮ್ಯಾನೇಜರ ಸಂಭ್ರಮ ಹೇಳತೀರದು. ಇಂಥದ್ದೊಂದು ಕಾಗದಕ್ಕೇ ಕಾಯ್ತಾ ಇದ್ದರು ಅಂತ ಕಾಣುತ್ತೆ. ಚಕ್ರಗಳಿಗೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ, ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದರು. ಆಯುಧಪೂಜೆಯ ದಿನ ಹೋದರೆ, ನನ್ನ ವರದಿಗೂ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದರು. ನನಗೆ ಒಳಗೊಳಗೇ ಹೆಮ್ಮೆ ಆಯಿತು. ಸುಳ್ಳು ಯಾಕೆ ಹೇಳಲಿ?

ಅದಾದ ವಾರಕ್ಕೆ ಮತ್ತೆ ಹೋದೆ. ಜಗಲಿ ಖಾಲಿ.

"ಅಜ್ಜ ಎಲ್ಲಿ?" ಅಂತ ಮ್ಯಾನೇಜರನ್ನು ಕೇಳಿದೆ.

"ಮೇಲೆ, ಮೂರನೇ ಮಹಡಿ, ಪಾತ್ರೆ ಕೋಣೆಗೆ ಹಾಕಿದೀನಿ. ಕೂರೋದೇ ಆದ್ರೆ ಅಲ್ಲಿ ಕೂರಲಿ, ಪಾತ್ರೆನಾದ್ರೂ ಕಾದಂಗಾಗುತ್ತೆ. ನೋಡಿ ಮೇಡಂ, ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಲ್ಲಾ ನಿಮ್ಮ ಉಪಕಾರ."

ಮೂರು ಮಹಡಿ ಹತ್ತಿ ಹೋದೆ. ಕಿಟಕಿ ಇಲ್ಲದ ಕೋಣೆ. ಕೊಪ್ಪರಿಗೆಗಳ ನಡುವೆ ಅಜ್ಜ ಕೂತಿದ್ದರು, ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ. "ಬಾ ತಂಗಿ" ಅಂದರು. ಊಟಾ ಆತೇನು ಅಂತ ಕೇಳಲಿಲ್ಲ. ನಾನು ಇಳಿದು ಬಂದೆ. ಅವತ್ತೇ ಮ್ಯಾನೇಜರ ಹತ್ತಿರ ಜಗಳ ಆಡಬೇಕಿತ್ತು. ಆಡಲಿಲ್ಲ. ಕೆಳಗೆ ಬಂದು ನಿಂತಾಗಲೂ ನನ್ನ ತಲೆಯಲ್ಲಿ ಓಡ್ತಾ ಇದ್ದದ್ದು, ಇವರು ಕೋಪ ಮಾಡಿಕೊಂಡು ಎರಡನೇ ವರ್ಷದ ಸಂದರ್ಶನಕ್ಕೆ ಒಪ್ಪಿಗೆ ಕೊಡದೇ ಹೋದರೆ ಏನು ಗತಿ ಅಂತ. ಅದನ್ನ ನೆನೆಸಿಕೊಂಡರೆ ಈಗಲೂ ಮೈಯೆಲ್ಲಾ ಹಿಡಿಯಾಗುತ್ತೆ.

ಮುಂದಿನ ಸೋಮವಾರ ಅಜ್ಜ ಹಾಸಿಗೆ ಸುತ್ತಿಕೊಂಡು, ಯಾರಿಗೂ ಹೇಳದೆ ಹೊರಟುಹೋಗಿದ್ದರು. ಜಗಲಿಯ ಮೇಲೆ ಮ್ಯಾನೇಜರು ಸಿಮೆಂಟಿನ ಒಂದು ದೊಡ್ಡ ಹೂಕುಂಡ ತಂದಿಡಿಸಿದರು. ಅದು ಏನು ಕೆಲಸ ಮಾಡುತ್ತೆ ಅಂತ ಯಾರೂ ಗೆರೆ ಹಾಕಲಿಲ್ಲ.

೪. ಗುರುತಿನ ಚೀಟಿ

ಅಜ್ಜ ಹೋದ ತಿಂಗಳಿಗೆ ಛತ್ರದಲ್ಲಿ ಜನ ಕಡಿಮೆಯಾದರು. ಬಾಗಿಲಲ್ಲಿ ಸ್ವಾಗತ ಸರಿಯಿಲ್ಲ ಅಂತ ಮ್ಯಾನೇಜರಿಗೂ ಅನ್ನಿಸಿತು. ತಾವೇ ಕುಂಡದ ಪಕ್ಕ ಕುರ್ಚಿ ಹಾಕಿಕೊಂಡು, ಇಸ್ತ್ರಿ ಮಾಡಿದ ಷರಟು ತೊಟ್ಟು, ರಿಜಿಸ್ಟರು ಹಿಡಿದು ಕೂತರು.

ಅವತ್ತು ನಾನೂ ಅಲ್ಲೇ ಇದ್ದೆ. ಬಳ್ಳಾರಿ ಕಡೆಯ ಗಂಡ ಹೆಂಡತಿ, ಎರಡು ದಿನದ ರೈಲು ಪ್ರಯಾಣದಲ್ಲಿ ಬೆಂದು ಬಸವಳಿದು ಬಂದರು. ಆಕೆಯ ಕೈಯಲ್ಲಿ ಬಟ್ಟೆ ಸುತ್ತಿದ ಚಿಕ್ಕ ಮಡಕೆ. ಅದರಲ್ಲಿ ಏನಿದೆ ಅಂತ ಯಾರಿಗಾದರೂ ಗೊತ್ತಾಗಬೇಕು.

ಮ್ಯಾನೇಜರು ಕುರ್ಚಿಯಿಂದ ಎದ್ದು ನಿಂತು, ನಗುಮುಖದಲ್ಲಿ, "ಬನ್ನಿ ಬನ್ನಿ. ಗುರುತಿನ ಚೀಟಿ?" ಅಂದರು.

ಗಂಡ ಜೇಬಿನಿಂದ ತನ್ನದೂ ಹೆಂಡತಿಯದೂ ಮತದಾರರ ಚೀಟಿ ತೆಗೆದು ಕೊಟ್ಟ. ಮ್ಯಾನೇಜರು ಬರೆದುಕೊಂಡು, ತಲೆ ಎತ್ತಿ ಮಡಕೆಯ ಕಡೆ ನೋಡಿ ಕೇಳಿದರು: "ಒಟ್ಟು ಎಷ್ಟು ಜನ?"

ಆಕೆ ಮಡಕೆಯನ್ನು ಎದೆಗವಚಿಕೊಂಡು ಗಂಡನ ಮುಖ ನೋಡಿದಳು. ಗಂಡ ಮಡಕೆಯನ್ನೊಮ್ಮೆ ನೋಡಿ, "ನಮ್ಮವ್ವನ್ನೂ ಲೆಕ್ಕಕ್ಕ ಹಿಡೀಬೇಕೇನ್ರಿ?" ಅಂದ.

ಮ್ಯಾನೇಜರು ಕೂತೇಬಿಟ್ಟರು. ಮಾರನೇ ದಿನದಿಂದ ಆ ಕುರ್ಚಿಯಲ್ಲಿ ಅವರನ್ನು ಯಾರೂ ನೋಡಲಿಲ್ಲ.

೫. ಅದನ್ನೊಮ್ಮೆ ಬಂದ್ ಮಾಡು

ಎರಡನೇ ವರ್ಷ ಬಂತು. ಇನ್ನು ಕೇಳೋದು. ಗೋದೌಲಿಯಾದಲ್ಲಿ ಒಂದು ಚಿಕ್ಕ ಟೇಪ್ ರೆಕಾರ್ಡರ್ ಕೊಂಡೆ, ಒಂದು ಡಜನ್ ಕ್ಯಾಸೆಟ್ ತಂದೆ.

ಭಟ್ಟರ ಮುಂದೆ ಅದನ್ನಿಟ್ಟು ಗುಂಡಿ ಒತ್ತಿದೆ. ಅಷ್ಟರ ತನಕ ಲೋಕಾಭಿರಾಮವಾಗಿ ಮಾತಾಡ್ತಿದ್ದ ಮನುಷ್ಯ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಗೋತ್ರದಿಂದ ಶುರು ಮಾಡಿದರು. ಅಪ್ಪ, ಅಜ್ಜ, ಮುತ್ತಜ್ಜ, ಅವರವರು ಯಾವ ಯಾವ ದೇವಸ್ಥಾನದಲ್ಲಿ ಪಾಯಸ ಮಾಡಿದ್ದರು. ಒಂದು ಕ್ಯಾಸೆಟ್ಟಿನ ಎರಡು ಮಗ್ಗುಲೂ ಮುಗಿದವು.

"ಭಟ್ಟರೆ, ಈಗ ಛತ್ರ ಹೇಗೆ ನಡೀತಾ ಇದೆ ಅಂತ ಹೇಳಿ."

ಭಟ್ಟರು ರೆಕಾರ್ಡರನ್ನೇ ದಿಟ್ಟಿಸಿದರು. "ಶ್ರೀಗಳವರ ಕೃಪೆಯಿಂದ ಸುಸೂತ್ರವಾಗಿ ನಡೆಯುತ್ತಾ ಉಂಟು." ಆಮೇಲೆ ಬಗ್ಗಿ ಪಿಸುಮಾತಲ್ಲಿ, "ಅದನ್ನೊಮ್ಮೆ ಬಂದ್ ಮಾಡು ಮಾರಾಯ್ತಿ, ಹೇಳ್ತೇನೆ."

ಬಂದ್ ಮಾಡಿದೆ. ಭಟ್ಟರು ಸೌಟು ಕೆಳಗಿಟ್ಟರು.

"ಎಂತ ನಡೆಯುದು, ಮಣ್ಣಂಗಟ್ಟಿ! ಮೊದಲು ಬೆಳಿಗ್ಗೆ ಒಂಬತ್ತಕ್ಕೆ ಅಜ್ಜ ಬಂದು ಹೇಳುತ್ತಿದ್ದರು. ಭಟ್ರೇ, ಇವತ್ತು ಇಪ್ಪತ್ತೆರಡು ಎಲೆ. ಮೂರು ಜನಕ್ಕೆ ಈರುಳ್ಳಿ ಇಲ್ಲ. ಒಬ್ಬರಿಗೆ ಸಕ್ಕರೆ ಕಾಯಿಲೆ. ಮೇಲಿನ ಕೋಣೆಯ ಅಮ್ಮ ನಿನ್ನೆಯಿಂದ ಅಳ್ತಾ ಇದ್ದಾರೆ, ಒಂದು ಲೋಟ ಗಂಜಿ ಮಾಡಿ ಕಳಿಸಿ. ಅವರಿಗೆ ಹೇಗೆ ಗೊತ್ತಾಗ್ತಿತ್ತು? ಅಲ್ಲಿ ಕೂತು ಕೇಳ್ತಾ ಇದ್ರಲ್ಲ, ಯಾವೂರು, ಊಟ ಆಯ್ತಾ ಅಂತ! ಈಗ ನಾನು ಅಂದಾಜಿನ ಮೇಲೆ ಮಾಡುದು. ಮೊನ್ನೆ ಅರವತ್ತು ಜನಕ್ಕೆ ಬೇಯಿಸಿದೆ, ಮೂರು ಜನ ಬಂದ್ರು. ನಿನ್ನೆ ಹನ್ನೊಂದು ಜನಕ್ಕೆ ಮಾಡಿದೆ, ಬಸ್ಸು ತುಂಬ ಬಂದ್ರು. ಘಾಟಿನ ದನಗಳಿಗೆಲ್ಲ ನನ್ನ ಸಾಂಬಾರಿನ ರುಚಿ ಗೊತ್ತಾಗಿದೆ."

ಚಾಚಿ ಬೇರೆ ಹೇಳಿದಳು. ರಿಕ್ಷಾದವರು ಕರ್ನಾಟಕದ ಸವಾರಿಯನ್ನೆಲ್ಲ ಬಾಬಾನ ಹತ್ತಿರ, ಅಂದರೆ ಅಜ್ಜನ ಹತ್ತಿರ, ಅಂತ ಇಲ್ಲಿಗೇ ತರುತ್ತಿದ್ದರಂತೆ. ಅಜ್ಜ ಒಂದು ಲೋಟ ನೀರು ಕೊಟ್ಟು ಎರಡು ಮಾತಾಡುತ್ತಿದ್ದರು ಅನ್ನೋದಷ್ಟೇ ಅದಕ್ಕೆ ಕಾರಣ. ಈಗ ಬಾಬಾನೂ ಇಲ್ಲ, ನೀರೂ ಇಲ್ಲ. ಅವರು ಬೇರೆ ಕಡೆ ಬಿಡ್ತಾರೆ. ಅವಳೂ ಇದನ್ನು ಹೇಳಿದ್ದು ಟೇಪು ಬಂದ್ ಮಾಡಿಸಿಯೇ.

ಇಡೀ ಛತ್ರ ಆ ಜಗಲಿಯ ಮೇಲಿಂದ ನಡೀತಾ ಇತ್ತು. ನಾನು ಮೂರು ವಾರ ಎದುರಿಗೇ ಕೂತು ಅದನ್ನು ನೋಡಿದ್ದೆ, ಕಿವಿಯಾರೆ ಕೇಳಿದ್ದೆ, ಕೆಂಪು ಬಣ್ಣ ಬಳಿದಿದ್ದೆ.

ಸರ್ ಹತ್ತಿರ ಹೋಗಿ ಎಲ್ಲ ಒದರಿದೆ. ನಡುವೆ ಅಳುನೂ ಬಂತು. ಅವರು ಅವತ್ತು ಪಾನ್ ಹಾಕಿರಲಿಲ್ಲ.

"ಅಲ್ಲ ಬೇಟಾ, ಮನೆಯ ಕಂಬದ ಎದುರು ಸುಮ್ಮನೆ ನಿಂತಿದೆ ಅಂತ ಬರೆದೆಯಾ?"

"ನೀವೇ ಅಲ್ವಾ ಸರ್ ಕೊನೆಯ ಕಾಲಂ ಅಂತ ಕೈ ತೋರಿಸಿದ್ದು?"

"ಅವತ್ತಾ?" ಅಂದರು ಸರ್, ದನಿ ಇಳಿಸಿ. "ಅವತ್ತು ಕಾಗದದ ಮೇಲೆ ಒಂದು ನೊಣ ಕೂತಿತ್ತು."

೬. ಸೋನಾರ್‌ಪುರದ ಬೆಂಚು

ತಪ್ಪನ್ನು ನೊಣದ ಮೇಲೆ ಹಾಕೋದು ನನಗೆ ಸರಿ ಕಾಣಲಿಲ್ಲ. ಮ್ಯಾನೇಜರ ಮುಂದೆ ಹೋಗಿ ನಿಂತು, ನನ್ನ ವರದಿ ತಪ್ಪು, ಗೋಡೆಯಿಂದ ಇಳಿಸಿ, ಅಜ್ಜನನ್ನು ವಾಪಸ್ ಕರೆಸಿ ಅಂದೆ. ಜಗಳಕ್ಕೇ ಸಿದ್ಧವಾಗಿ ಹೋಗಿದ್ದೆ. ಆದರೆ ಆ ಮನುಷ್ಯನಿಗೂ ಅಷ್ಟರಲ್ಲಿ ಸಾಕುಸಾಕಾಗಿತ್ತು. "ನಾನೇನು ಅವರ ವೈರಿನಾ ಮೇಡಂ? ಕಾಗದದಲ್ಲಿ ಇದ್ದದ್ದನ್ನ ನಂಬಿದೆ" ಅಂದರು. ಆಮೇಲೆ ಅವರೇ ಕೂತು, ಮಠದ ಮುದ್ರೆ ಒತ್ತಿ, ನೇಮಕದ ಪತ್ರ ಬರೆದರು: ಸ್ವಾಗತ ಮೇಲ್ವಿಚಾರಕರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ಮೇಜು, ಕುರ್ಚಿ, ರಿಜಿಸ್ಟರು.

ಅಜ್ಜ ಎಲ್ಲಿದ್ದಾರೆ ಅಂತ ಚಾಚಿಗೆ ಗೊತ್ತಿತ್ತು. ದೂರ ಎಲ್ಲೂ ಹೋಗಿರಲಿಲ್ಲ. ಸೋನಾರ್‌ಪುರದ ರಸ್ತೆಯಲ್ಲಿ ಒಂದು ಚಹಾದ ಅಂಗಡಿ, ಹೊರಗೆ ಮುರುಕು ಬೆಂಚು. ಅದರ ಮೇಲೆ ಕಾಲು ಮಡಚಿಕೊಂಡು ಕೂತಿದ್ದರು. ಅಂಗಡಿಯವನು ಹಿಂದುಗಡೆ ಮಲಗೋಕೆ ಜಾಗ ಕೊಟ್ಟಿದ್ದನಂತೆ. ತೆಳ್ಳಗಾಗಿದ್ದರು. ಎಲೆ ಅಡಿಕೆ ಮಾತ್ರ ಮತ್ತೆ ಶುರುವಾಗಿತ್ತು.

ನಾನು ಹತ್ತಿರ ಹೋಗೋ ಹೊತ್ತಿಗೆ ಒಬ್ಬ ರಿಕ್ಷಾದವನು ನಾಲ್ಕು ಜನ ಕನ್ನಡದವರನ್ನು ತಂದು ನಿಲ್ಲಿಸಿದ್ದ. ಅಜ್ಜ ಅವರಿಗೆ ಕೈ ತೋರಿಸಿ ಹೇಳ್ತಾ ಇದ್ದರು: "ಹಿಂಗ ಹೋಗ್ರಿ, ಎಡಕ್ಕ ಹೊಳ್ರಿ, ನಮ್ಮವರ ಛತ್ರ ಐತಿ. ಊಟಾ ಚಲೋ ಇರ್ತೈತಿ. ಭಟ್ಟಗ ಮೊದಲ ಹೋಗಿ ಹೇಳ್ರಿ, ನಾಕ ಎಲಿ ಅಂತ."

ಅಲ್ಲೇ ನಿಂತು ಅತ್ತುಬಿಟ್ಟೆ. ತಮ್ಮನ್ನು ಎಬ್ಬಿಸಿ ಕಳಿಸಿದ ಮನೆಗೇ ಜನರನ್ನು ಕಳಿಸ್ತಾ ಇದ್ದರಲ್ಲ.

"ಯಾಕ ತಂಗಿ, ಏನಾತು? ಮಾಸ್ತರ ಬೈದ್ರೇನು?"

ಪಕ್ಕದಲ್ಲಿ ಕೂತು ಪತ್ರ ಕೊಟ್ಟೆ. ಅಜ್ಜ ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದರು. ಓದಿ ಮಡಚಿ ನನ್ನ ಕೈಗಿಟ್ಟರು, ಅವತ್ತು ಪ್ರಶ್ನಾವಳಿ ಮಡಚಿ ಕೊಟ್ಟ ಹಾಗೇ.

"ಒಂಬತ್ತಕ್ಕ ಕುಂತು ಐದಕ್ಕ ಏಳಬೇಕಂತ. ಐದೂವರಿಗೆ ಬಂದಾವ್ರಿಗೆ ಯಾರು ಕೇಳ್ತಾರ?"

"ಅದನ್ನ ಬದಲಾಯಿಸಬಹುದು ಅಜ್ಜ, ನಾನು ಹೇಳ್ತೀನಿ."

"ಬ್ಯಾಡ ಬಿಡು. ಮೊದಲ ಸುಮ್ನ ಕುಂತಿದ್ದೆ, ಮಾತು ತಾನ ಬರ್ತಿತ್ತು. ಈಗ ನೌಕರಿ ಅಂದ್ಮ್ಯಾಲೆ, ಊಟಾ ಆತೇನು ಅಂತ ಕೇಳಿದ್ರ ಅದು ನಂಗ ಬಾಯಿಪಾಠ ಒಪ್ಪಿಸಿದಂಗ ಅನಸ್ತೈತಿ."

ಎಷ್ಟು ಬೇಡಿಕೊಂಡರೂ ಬರಲೊಲ್ಲೆ ಅಂದರು. ಜಗಲಿ ಅವರಿಗೆ ಮತ್ತೆ ಸಿಗಲಿಲ್ಲ. ನನ್ನ ಕೈಲಾದದ್ದು ಇಷ್ಟೇ, ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳೋದು. "ಅಜ್ಜ, ನಿಮ್ಮನ್ನ ಎಬ್ಬಿಸಿದ್ದು ಮ್ಯಾನೇಜರಲ್ಲ, ನನ್ನ ಪಟ್ಟಿ. ನಾನೇ ಬರೆದದ್ದು. ತಪ್ಪಾಯ್ತು, ಕ್ಷಮಿಸಿ."

"ಯಾವ ಪಟ್ಟಿ? ನಾ ನೆನಪ ಮಾಡಿ ಮಾಡಿ ಗೆರಿ ಹಾಕಸ್ತಿದ್ನೆಲ್ಲ, ಅದನ? ತಾ ನೋಡೂಣು."

ಬ್ಯಾಗಿನಲ್ಲೇ ಇತ್ತು. ತೆಗೆದುಕೊಟ್ಟೆ. ಅಜ್ಜ ತೊಡೆಯ ಮೇಲೆ ಹರಡಿಕೊಂಡು ಬೆರಳಿಟ್ಟು ನೋಡಿದರು. ಭಟ್ಟರ ಸಾಲು, ಚಾಚಿಯ ಸಾಲು, ಮ್ಯಾನೇಜರ ಸಾಲು. ಆಮೇಲೆ ತಮ್ಮದು. ಬೆರಳು ಕೊನೆಯ ಕಾಲಮ್ಮಿಗೆ ಬಂದು ನಿಂತಿತು. ಒತ್ತೊತ್ತಾಗಿ ಗೆರೆ, ಗೆರೆಯ ಮೇಲೆ ಗೆರೆ.

"ಇವಿಷ್ಟೂ ನಾನೇನು?"

"ಹ್ಞೂಂ ಅಜ್ಜ."

"ಬರೇ ಸುಮ್ನ ಕುಂತದ್ದು?"

ನಾನು ತಲೆ ತಗ್ಗಿಸಿದೆ. ಅಜ್ಜ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು, ಮತ್ತೇನೋ ಹುಡುಕುವವರ ಹಾಗೆ.

"ಬರೋಬ್ಬರಿ ಬರ್ದೀದಿ. ಕುಂತಿದ್ದು ಖರೆ, ಇಲ್ಲನ್ನಂಗಿಲ್ಲ. ಆದ್ರ ತಂಗಿ, ನಾ ಸುಮ್ನ ಕುಂತದ್ದನ್ನ, ಮಣಿ ಹಾಕ್ಕೊಂಡು ಎದುರಿಗೆ ಕುಂತು, ಮೂರ ವಾರ ನೋಡಿದಾಕಿ ಒಬ್ಬಾಕಿ ಇದ್ಲಲ್ಲ, ಆಕಿದು ಹೆಸರ ಎಲ್ಲೈತಿ ಇದರಾಗ?"

ಚಹಾದವನು ಒಲೆ ಊದೋದು ಬಿಟ್ಟು ನಕ್ಕ. ಅಜ್ಜ ನನ್ನ ಬ್ಯಾಗಿನಿಂದ ಪೆನ್ಸಿಲ್ಲು ಎಳೆದುಕೊಂಡು, ತಮ್ಮ ಸಾಲಿನ ಕೆಳಗೆ, ಗುಂಡಗುಂಡಗೆ 'ತಂಗಿ' ಅಂತ ಬರೆದು, ಕೊನೆಯ ಕಾಲಮ್ಮಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದರು. ಎಳೆದು, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, ಬೆಂಚಿನ ತುದಿಗೆ ಸರಿದು ನನಗೆ ಜಾಗ ಮಾಡಿಕೊಟ್ಟರು.

"ಅಳಬ್ಯಾಡ. ಊಟಾ ಆತೇನು? ಚಾ ಕುಡಿ. ಹತ್ತ ನಿಮಿಷ ಆಗ್ಲಿ ತಡಿ, ಇನ್ನೊಂದ ಹಾಕ್ತೀನಿ."